ಕಿರೀಟವಿಲ್ಲದ ನಲವತ್ತು ವರ್ಷ

ಒಂದು ಬಾಳನ್ನು ನಾಲ್ಕು ಸಾಲಿನಲ್ಲಿ ಅಳೆದು ಮುಗಿಸುವ ಕಷ್ಟದ ಕೆಲಸ ಮರಣವಾರ್ತೆ ಬರೆಯುವವರ ಪಾಲಿಗೆ ಬಂದಿದೆ. ಆ ನಾಲ್ಕು ಸಾಲಿನಲ್ಲಿ ‘ಆದರೆ’ ಎಂಬ ಪುಟ್ಟ ಅವ್ಯಯ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಇಡೀ ಬಾಳಿನ ಬಣ್ಣ ನಿಲ್ಲುತ್ತದೆ. ೨೦೨೪ರ ಫೆಬ್ರವರಿ ೧ರಂದು, ಎಂಬತ್ತು ತುಂಬಲು ಇನ್ನು ಹನ್ನೊಂದೇ ದಿನ ಉಳಿದಿರುವಾಗ, ಅಮೆರಿಕದ ಮೈಕ್ ಮಾರ್ಟಿನ್ ತೀರಿಕೊಂಡರು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾನಿಲಯದ ಬೇಸ್‌ಬಾಲ್ ತಂಡಕ್ಕೆ ಅವರು ನಲವತ್ತು ವರ್ಷ ಮುಖ್ಯ ತರಬೇತುದಾರರಾಗಿದ್ದವರು. ಅವರ ತಂಡಗಳು ೨,೦೨೯ ಪಂದ್ಯಗಳನ್ನು ಗೆದ್ದವು. ಅವರು ನಿವೃತ್ತರಾದಾಗ ಆ ದೇಶದ ಕಾಲೇಜು ಬೇಸ್‌ಬಾಲಿನಲ್ಲಿ ಅಷ್ಟು ಗೆಲುವು ಕಂಡ ತರಬೇತುದಾರ ಮತ್ತೊಬ್ಬನಿರಲಿಲ್ಲ. ಆದರೆ, ರಾಷ್ಟ್ರೀಯ ಪ್ರಶಸ್ತಿಯನ್ನು ಅವರು ಒಮ್ಮೆಯೂ ಗೆಲ್ಲಲಿಲ್ಲ. ಬದುಕಿದ್ದಾಗಲೂ ಸತ್ತ ಮೇಲೂ ಅವರ ಹೆಸರಿನೊಡನೆ ಈ ‘ಆದರೆ’ ನೆರಳಿನಂತೆ ನಡೆದುಬಂದಿದೆ. ಅದು ನ್ಯಾಯವಾದ ಮಾತೇ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ. ಆಟದ ಮೇಲೆ ಒಲವಿಲ್ಲದ ವಾಚಕರು ಕೂಡ ಈ ವಿಚಾರವನ್ನು ತಮ್ಮದಲ್ಲವೆಂದು ಬದಿಗಿಡಬೇಕಾದ್ದಿಲ್ಲ. ಕಲಿಸುವ ಕೆಲಸವನ್ನು ಯಾವುದರಿಂದ ಅಳೆಯಬೇಕು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಬೇರೊಂದು ವೇಷದಲ್ಲಿ ಬಂದು ನಿಂತಿದೆ.

ಬೇಸ್‌ಬಾಲ್ ನಮ್ಮಲ್ಲಿ ಬಹುಮಂದಿಗೆ ಅಪರಿಚಿತವಾದ ಆಟ. ಅದನ್ನು ಕ್ರಿಕೆಟ್ಟಿನ ದೂರದ ದಾಯಾದಿ ಎನ್ನಬಹುದು. ಚೆಂಡು ಎಸೆಯುವವನೊಬ್ಬ, ದಾಂಡು ಹಿಡಿದವನೊಬ್ಬ, ದಾಂಡಿಗನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವವನೊಬ್ಬ. ಇಷ್ಟು ಎರಡು ಆಟಕ್ಕೂ ಸಮಾನ. ಇಲ್ಲಿ ಪಕ್ಷಕ್ಕೆ ಒಂಬತ್ತು ಜನ, ಆಟಕ್ಕೆ ಒಂಬತ್ತು ಸರದಿ, ಸುಮಾರು ಮೂರು ಗಂಟೆಯಲ್ಲಿ ಎಲ್ಲವೂ ತೀರ್ಮಾನ. ಅಮೆರಿಕದ ದೊಡ್ಡ ವಿಶ್ವವಿದ್ಯಾನಿಲಯಗಳು ಫೆಬ್ರವರಿಯಿಂದ ಮೇ ತಿಂಗಳವರೆಗೆ ಐವತ್ತಕ್ಕೆ ಮೇಲ್ಪಟ್ಟು ಪಂದ್ಯಗಳನ್ನು ಆಡುತ್ತವೆ. ೧೯೯೯ರಿಂದ ಈಚೆಗೆ, ಆ ಬಳಿಕ ಅರವತ್ತನಾಲ್ಕು ತಂಡಗಳನ್ನು ಆರಿಸಿ ರಾಷ್ಟ್ರೀಯ ಪಂದ್ಯಾವಳಿಗೆ ಕರೆಯುತ್ತಾರೆ. ಎರಡು ಹಂತಗಳನ್ನು ದಾಟಿ ಉಳಿದ ಎಂಟು ತಂಡಗಳು ಜೂನ್ ತಿಂಗಳಲ್ಲಿ ನೆಬ್ರಾಸ್ಕಾ ರಾಜ್ಯದ ಓಮಾಹಾ ನಗರಕ್ಕೆ ಹೋಗುತ್ತವೆ. ೧೯೫೦ರಿಂದಲೂ ಕೊನೆಯ ಸ್ಪರ್ಧೆಗೆ ಆ ಊರೇ ನೆಲೆ. ಕಾಲೇಜು ಆಟಗಾರರ ಬಾಯಲ್ಲಿ ಓಮಾಹಾ ಎಂದರೆ ಊರಿನ ಹೆಸರಲ್ಲ, ಯಾತ್ರೆಯ ಹೆಸರು. ಅಲ್ಲಿ ಎರಡು ಸಲ ಸೋತವರಿಗೆ ಊರದಾರಿ.

ಇಂಥ ತಂಡದ ಮುಖ್ಯ ತರಬೇತುದಾರನ ಕೆಲಸವೇನು? ದಾಂಡು ಹಿಡಿಯುವುದನ್ನು ಹೇಳಿಕೊಡುವುದು ಅದರ ಅತಿ ಸಣ್ಣ ಭಾಗ. ಪ್ರೌಢಶಾಲೆಗಳ ಬಯಲುಗಳಲ್ಲಿ ಅಲೆದು ಹುಡುಗರನ್ನು ಹುಡುಕಬೇಕು. ಅವರ ಮನೆಗೆ ಹೋಗಿ ತಾಯಿತಂದೆಯರಿಗೆ ನಂಬಿಕೆ ಬರುವಂತೆ ಮಾತನಾಡಬೇಕು. ಅವರು ತರಗತಿಗಳಲ್ಲಿ ತೇರ್ಗಡೆಯಾಗುವಂತೆ ನೋಡಿಕೊಳ್ಳಬೇಕು. ಬಹುಕಾಲ ಅಲ್ಲಿ ವಿಚಿತ್ರವಾದೊಂದು ನಿಯಮವಿತ್ತು. ಬೇಸ್‌ಬಾಲ್ ತಂಡವೊಂದಕ್ಕೆ ಒಟ್ಟು ೧೧.೭ ವಿದ್ಯಾರ್ಥಿವೇತನಗಳು ಮಾತ್ರ. ತಂಡದಲ್ಲಿ ಮೂವತ್ತಕ್ಕೂ ಹೆಚ್ಚು ಹುಡುಗರು. ಈ ಹನ್ನೊಂದೂ ಮುಕ್ಕಾಲು ರೊಟ್ಟಿಯನ್ನು ಮುರಿದು ಮುರಿದು ಹಂಚಬೇಕು. ಯಾರಿಗೆ ಅರ್ಧ, ಯಾರಿಗೆ ಕಾಲು, ಯಾರಿಗೆ ಏನೂ ಇಲ್ಲ ಎಂದು ತೀರ್ಮಾನಿಸುವ ಕೈ ತರಬೇತುದಾರನದೇ. ಮತ್ತೊಂದು ನಿಯಮದಂತೆ, ನಾಲ್ಕು ವರ್ಷದ ಕಾಲೇಜನ್ನು ಸೇರಿದ ಹುಡುಗನನ್ನು ಮೂರನೆಯ ವರ್ಷ ಮುಗಿಯುವವರೆಗೆ, ಅಥವಾ ಅವನಿಗೆ ಇಪ್ಪತ್ತೊಂದು ತುಂಬುವವರೆಗೆ, ವೃತ್ತಿತಂಡಗಳು ಆರಿಸಿಕೊಳ್ಳುವಂತಿಲ್ಲ. ಹೀಗಾಗಿ ಒಳ್ಳೆಯ ಆಟಗಾರನೊಬ್ಬ ತರಬೇತುದಾರನ ಬಳಿ ಉಳಿಯುವುದು ಹೆಚ್ಚೆಂದರೆ ಮೂರು ವಸಂತ. ಕೆಲಸ ಕಲಿತು ಕೈ ಕುದುರುವ ಹೊತ್ತಿಗೆ ಅವನು ಹೊರಟುಹೋಗುತ್ತಾನೆ, ಹೊಸಬ ಬರುತ್ತಾನೆ. ಪ್ರತಿ ವರ್ಷವೂ ‘ಅ, ಆ’ ಇಂದಲೇ ಆರಂಭ. ಉಪಾಧ್ಯಾಯ ವೃತ್ತಿಯಲ್ಲಿರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಾರ್ಟಿನ್ ಅವರು ಹುಟ್ಟಿದ್ದು ೧೯೪೪ರಲ್ಲಿ. ಉತ್ತರ ಕ್ಯಾರೊಲೈನಾದ ವಿಂಗೇಟ್ ಕಾಲೇಜಿನಲ್ಲಿ ಓದಿ, ಅಲ್ಲಿಂದ ಫ್ಲಾರಿಡಾ ಸ್ಟೇಟ್ ಸೇರಿದರು. ೧೯೬೫ರಲ್ಲಿ ಆ ತಂಡದ ಆಟಗಾರನಾಗಿ ಓಮಾಹಾವನ್ನು ಮೊದಲು ಕಂಡರು. ವೃತ್ತಿ ಆಟದಲ್ಲಿ ಅವರಿಗೆ ಹೆಚ್ಚು ಏಳಿಗೆಯಾಗಲಿಲ್ಲ. ಕೆಳಹಂತದ ತಂಡಗಳಲ್ಲಿ ಕೆಲವು ವರ್ಷ ಆಡಿ ಹಿಂತಿರುಗಿದರು. ವಿಶ್ವವಿದ್ಯಾನಿಲಯವಿದ್ದ ಟ್ಯಾಲಹಾಸಿ ನಗರದಲ್ಲೇ ಇನ್ನೊಂದು ಸಣ್ಣ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ತರಬೇತಿ ಕೊಡುತ್ತಿದ್ದು, ೧೯೭೫ರಲ್ಲಿ ತಾವು ಆಡಿದ ತಂಡಕ್ಕೇ ಸಹಾಯಕರಾಗಿ ಬಂದರು. ೧೯೭೯ರಲ್ಲಿ ಆ ತಂಡದ ಮುಖ್ಯಸ್ಥರಾಗಿದ್ದವರು ಅದೇ ವಿದ್ಯಾಲಯದ ಹಳೆಯ ವಿದ್ಯಾರ್ಥಿ, ಹೆಸರಾಂತ ಆಟಗಾರ ಡಿಕ್ ಹೌಸರ್. ಒಂದೇ ವರ್ಷದಲ್ಲಿ ಅವರಿಗೆ ನ್ಯೂಯಾರ್ಕ್ ಯಾಂಕೀಸ್ ತಂಡದಿಂದ ಕರೆ ಬಂತು. ಹೌಸರ್ ಹೊರಟರು, ಸಹಾಯಕ ಮಾರ್ಟಿನ್ ಉಳಿದರು. ೧೯೮೦ರಲ್ಲಿ ಮುಖ್ಯ ತರಬೇತುದಾರರ ಸ್ಥಾನ ಅವರಿಗೆ ಬಂತು.

ಈ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡುವುದು ಕುತೂಹಲದ ವಿಷಯ. ಹೌಸರ್ ಅವರು ೧೯೮೦ರಲ್ಲಿ ಯಾಂಕೀಸ್ ತಂಡಕ್ಕೆ ೧೦೩ ಪಂದ್ಯಗಳನ್ನು ಗೆದ್ದುಕೊಟ್ಟರೂ ಒಂದೇ ವರ್ಷದಲ್ಲಿ ಆ ಸ್ಥಾನದಿಂದ ಹೊರಬಂದರು. ೧೯೮೫ರಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ನಾಯಕತ್ವ ವಹಿಸಿ ವೃತ್ತಿ ಆಟದ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದರು. ಎರಡು ವರ್ಷದ ಬಳಿಕ, ೧೯೮೭ರಲ್ಲಿ, ಮಿದುಳಿನ ಗಡ್ಡೆಯಿಂದ ತೀರಿಕೊಂಡರು. ಟ್ಯಾಲಹಾಸಿಯ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಟ್ಟರು. ಆ ಕ್ರೀಡಾಂಗಣದೊಳಗಿನ ನೆಲಕ್ಕೆ ಮುಂದೆ ಮಾರ್ಟಿನ್ ಅವರ ಹೆಸರು ಬಂತು. ಒಬ್ಬರದು ಮಿಂಚಿನಂಥ ಬಾಳು, ಇನ್ನೊಬ್ಬರದು ಎಣ್ಣೆಯ ದೀಪದಂಥದು. ಕಟ್ಟಡಕ್ಕೆ ಒಬ್ಬರ ಹೆಸರು, ಮಣ್ಣಿಗೆ ಇನ್ನೊಬ್ಬರ ಹೆಸರು. ಹಂಚಿಕೆ ಉಚಿತವಾಗಿಯೇ ಇದೆ.

ಇನ್ನು ಅಂಕಿಗಳ ಮಾತು. ನಲವತ್ತು ಋತುಗಳಲ್ಲಿ ೨,೦೨೯ ಗೆಲುವು, ೭೩೬ ಸೋಲು, ನಾಲ್ಕು ಸಮ. ನೂರರಲ್ಲಿ ಎಪ್ಪತ್ತಮೂರು ಸಲ ಗೆದ್ದಂತಾಯಿತು. ಒಂದು ವರ್ಷವೂ ನಲವತ್ತು ಗೆಲುವಿಗೆ ಕಡಿಮೆಯಾಗಲಿಲ್ಲ. ಒಂದು ವರ್ಷವೂ ರಾಷ್ಟ್ರೀಯ ಪಂದ್ಯಾವಳಿಯ ಕರೆ ತಪ್ಪಲಿಲ್ಲ. ೨೦೧೮ರ ಮೇ ತಿಂಗಳಲ್ಲಿ ಅವರು ಆಗೀ ಗರಿಡೋ ಅವರ ೧,೯೭೫ ಗೆಲುವಿನ ದಾಖಲೆಯನ್ನು ದಾಟಿದರು. ಗರಿಡೋ ಅವರು ಅದೇ ವರ್ಷ ಮಾರ್ಚಿಯಲ್ಲಿ ತೀರಿಕೊಂಡಿದ್ದರು. ಮರುವರ್ಷದ ಮಾರ್ಚಿಯಲ್ಲಿ ಎರಡು ಸಾವಿರದ ಗೆಲುವು ಬಂತು. ಓಮಾಹಾಕ್ಕೆ ಮಾರ್ಟಿನ್ ಅವರ ತಂಡ ಹೋದದ್ದು ಹದಿನೇಳು ಸಲ. ಹದಿನೇಳು ಸಲವೂ ಬರಿಗೈಯಲ್ಲಿ ಹಿಂತಿರುಗಿತು. ೧೯೮೬ರಲ್ಲಿ ಅಂತಿಮ ಪಂದ್ಯ ಮುಟ್ಟಿ ಅರಿಜೋನಾ ತಂಡಕ್ಕೆ ೧೦–೨ರಿಂದ ಸೋತಿತು. ೧೯೯೯ರಲ್ಲಿ ಮತ್ತೆ ಅಂತಿಮ ಪಂದ್ಯ. ಈ ಸಲ ತಮ್ಮದೇ ರಾಜ್ಯದ ಮಯಾಮಿ ವಿಶ್ವವಿದ್ಯಾನಿಲಯಕ್ಕೆ ೬–೫ರ ಸೋಲು. ಒಂದೇ ಒಂದು ಓಟದ ಅಂತರ.

ಈಗ ಟೀಕಾಕಾರರ ವಾದವನ್ನು ಅದಕ್ಕೆ ಸಲ್ಲಬೇಕಾದ ಗೌರವದಿಂದ ಕೇಳೋಣ. ಫ್ಲಾರಿಡಾ ಬೆಚ್ಚಗಿನ ನಾಡು. ಚಳಿಗಾಲದಲ್ಲೂ ಆಡಬಹುದು, ಹುಡುಗರು ತಾವಾಗಿಯೇ ಬರುತ್ತಾರೆ. ಅಂಥ ಕಡೆ ವರ್ಷಕ್ಕೆ ನಲವತ್ತು ಗೆಲುವು ದೊಡ್ಡ ಮಾತಲ್ಲ. ನಿಜವಾದ ಪರೀಕ್ಷೆ ಓಮಾಹಾದಲ್ಲಿ, ಸಮಬಲರ ಎದುರಿನಲ್ಲಿ. ಅಲ್ಲಿ ಗೆದ್ದವರಿಲ್ಲವೆ? ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಾಡ್ ಡೆಡೋ ಅವರ ತಂಡಗಳಿಗೆ ಹನ್ನೊಂದು ಪ್ರಶಸ್ತಿ ಬಂದವು. ಲೂಯಿಸಿಯಾನಾದ ಸ್ಕಿಪ್ ಬರ್ಟ್‌ಮನ್ ೧೯೯೧ರಿಂದ ೨೦೦೦ದ ಒಳಗೆ ಐದು ಸಲ ಗೆದ್ದರು. ಗರಿಡೋ ಅವರು ಎರಡು ಬೇರೆ ಬೇರೆ ವಿದ್ಯಾಲಯಗಳಿಗೆ ಒಟ್ಟು ಐದು ಪ್ರಶಸ್ತಿ ತಂದುಕೊಟ್ಟರು. ಇವರೆಲ್ಲ ಗೆದ್ದಲ್ಲಿ ಒಬ್ಬರು ಹದಿನೇಳು ಸಲವೂ ಸೋತರೆ ಅದಕ್ಕೆ ಕಾರಣ ವಿಧಿಯೇ ಎನ್ನಬಹುದೆ?

ವಾದ ಗಟ್ಟಿಯಾಗಿದೆ. ಇದಕ್ಕೆ ಭಾವುಕತೆಯ ಉತ್ತರ ಸಾಲದು, ಲೆಕ್ಕದ ಉತ್ತರವೇ ಬೇಕು. ಬೇಸ್‌ಬಾಲ್ ಅದೃಷ್ಟಕ್ಕೆ ಬಹಳ ಎಡೆ ಕೊಡುವ ಆಟ. ಹತ್ತು ಸಲ ದಾಂಡೆತ್ತಿ ಮೂರು ಸಲ ಸಫಲನಾದವನನ್ನು ಅಲ್ಲಿ ಶ್ರೇಷ್ಠ ದಾಂಡಿಗನೆನ್ನುತ್ತಾರೆ. ವೃತ್ತಿ ಆಟದಲ್ಲಿ ವರ್ಷದ ೧೬೨ ಪಂದ್ಯಗಳಲ್ಲಿ ನೂರನ್ನು ಗೆದ್ದ ತಂಡ ಮಹಾತಂಡ. ಅದು ಕೂಡ ಅರವತ್ತೆರಡು ಸಲ ಸೋತಿರುತ್ತದೆ. ಇಂಥ ಆಟದಲ್ಲಿ ಯಾರು ಮೇಲು ಎಂಬುದು ಗೊತ್ತಾಗಬೇಕಾದರೆ ತಿಂಗಳುಗಳ ಆಟ ಬೇಕು; ಹತ್ತು ಹನ್ನೆರಡು ದಿನದ ಸ್ಪರ್ಧೆ ಸಾಲದು. ಓಮಾಹಾದ ಎಂಟು ತಂಡಗಳು ಸರಿಸಮಾನವೆಂದು ಇಟ್ಟುಕೊಂಡರೆ ಒಂದು ಯಾತ್ರೆಯಲ್ಲಿ ಪ್ರಶಸ್ತಿ ತಪ್ಪುವ ಸಂಭವ ಎಂಟರಲ್ಲಿ ಏಳು ಪಾಲು. ಹದಿನೇಳು ಯಾತ್ರೆಗಳಲ್ಲಿಯೂ ತಪ್ಪುವ ಸಂಭವವನ್ನು ಗುಣಿಸಿ ನೋಡಿದರೆ ಹತ್ತರಲ್ಲಿ ಒಂದಕ್ಕಿಂತ ತುಸು ಹೆಚ್ಚು ಬರುತ್ತದೆ. ಎಂದರೆ, ಯಾವ ಕುಂದೂ ಇಲ್ಲದ ಹತ್ತು ಮಂದಿ ತರಬೇತುದಾರರು ಹದಿನೇಳು ಸಲ ಹೋಗಿ ಬಂದರೆ, ಅವರಲ್ಲಿ ಒಬ್ಬನಾದರೂ ಬರಿಗೈಯಲ್ಲೇ ಬಾಳು ಮುಗಿಸುವನೆಂದು ನಾವು ನಿರೀಕ್ಷಿಸಬಹುದು.

ಈ ಲೆಕ್ಕ ಎರಡೂ ಕಡೆಗೆ ಕೊಯ್ಯುತ್ತದೆಂಬುದನ್ನು ಒಪ್ಪಬೇಕು. ಹತ್ತರಲ್ಲಿ ಒಬ್ಬನಿಗೆ ಬರುವ ಪಾಡು ಮಾರ್ಟಿನ್ ಅವರಿಗೆ ಬಂದದ್ದು ಬರಿಯ ದುರದೃಷ್ಟವಿರಬಹುದು. ಕೊನೆಯ ಪಂದ್ಯಗಳಲ್ಲಿ ಅವರ ತೀರ್ಮಾನಗಳಲ್ಲಿ ಏನೋ ಒಂದು ಕೊರತೆ ಇದ್ದಿರಲೂಬಹುದು. ಹೊರಗಿನಿಂದ ಯಾರೂ ಇದನ್ನು ಬಿಡಿಸಿ ಹೇಳಲಾರರು. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಅವರಿಗೆ ಮೊದಲೂ ಆ ವಿದ್ಯಾಲಯ ಓಮಾಹಾಕ್ಕೆ ಹೋಗಿ ಸೋತುಬಂದಿತ್ತು. ಅವರ ಅನಂತರ, ೨೦೨೪ರಲ್ಲಿಯೂ, ಹೋಗಿ ಸೋತುಬಂದಿತು. ಪ್ರಶಸ್ತಿ ಒಲಿಯದ ಮನೆಯಲ್ಲಿ ಅವರು ನಲವತ್ತು ವರ್ಷ ಸಂಸಾರ ಮಾಡಿದರು. ಕೊರತೆ ಇದ್ದರೂ ಅದು ಪೂರ್ತಿ ಅವರೊಬ್ಬರದೇ ಆಗಿರಲಾರದು.

ಕೊರತೆ ಅವರದೇ ಎಂದು ಒಪ್ಪಿಬಿಟ್ಟರೂ ಮುಖ್ಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಜೂನ್ ತಿಂಗಳ ಆ ಕೆಲವು ದಿನಗಳೇ ಈ ವೃತ್ತಿಯ ತಿರುಳೇ? ಬಸ್ಟರ್ ಪೋಸಿ ಎಂಬ ಆಟಗಾರನ ಕಥೆಯನ್ನು ನೋಡಿ. ಜಾರ್ಜಿಯಾದಿಂದ ಬಂದ ಈ ಹುಡುಗ ೨೦೦೬ರಲ್ಲಿ, ತನ್ನ ಮೊದಲ ವರ್ಷದಲ್ಲಿ, ಮೈದಾನದ ನಡುವೆ ನಿಂತು ಚೆಂಡು ತಡೆಯುವ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಆಡುತ್ತಿದ್ದ. ಮರುವರ್ಷ ಅವನನ್ನು ಕ್ಯಾಚರ್ ಸ್ಥಾನಕ್ಕೆ, ನಮ್ಮ ವಿಕೆಟ್ ಕೀಪರನನ್ನು ಹೋಲುವ ಜಾಗಕ್ಕೆ, ಬದಲಾಯಿಸಿದರು. ಚೆನ್ನಾಗಿ ಆಡುತ್ತಿರುವ ಹುಡುಗನನ್ನು ಗೊತ್ತಿದ್ದ ಜಾಗದಿಂದ ಎಬ್ಬಿಸಿ ಗೊತ್ತಿಲ್ಲದ ಜಾಗದಲ್ಲಿ ಕೂರಿಸುವುದಕ್ಕೆ ಧೈರ್ಯ ಬೇಕು. ಅವನಲ್ಲಿ ಅವನಿಗೇ ಕಾಣದ್ದನ್ನು ಕಾಣುವ ಕಣ್ಣೂ ಬೇಕು. ೨೦೦೮ರಲ್ಲಿ ಪೋಸಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನೆನಿಸಿಕೊಂಡ. ಆ ವರ್ಷವೇ ಒಂದು ಪಂದ್ಯದಲ್ಲಿ ಒಂಬತ್ತು ಸ್ಥಾನಗಳಲ್ಲಿಯೂ ಸರದಿಯಂತೆ ನಿಂತು ಆಡಿದ. ಮುಂದೆ ಸಾನ್ ಫ್ರಾನ್ಸಿಸ್ಕೋ ತಂಡದ ಕ್ಯಾಚರನಾಗಿ ೨೦೧೦, ೨೦೧೨, ೨೦೧೪ರಲ್ಲಿ ಮೂರು ಸಲ ವೃತ್ತಿ ಆಟದ ಅತ್ಯುನ್ನತ ಪ್ರಶಸ್ತಿಯಲ್ಲಿ ಪಾಲುಗೊಂಡ. ಗುರುವಿಗೆ ಒಲಿಯದ ಕಿರೀಟ ಶಿಷ್ಯನ ತಲೆಗೆ ಮೂರು ಸಲ ಬಂತು. ಅದರಲ್ಲಿ ಗುರುವಿನ ಪಾಲೆಷ್ಟು ಎಂದು ಯಾವ ದಾಖಲೆಯ ಪುಸ್ತಕವೂ ಬರೆದಿಡುವುದಿಲ್ಲ.

ಇಲ್ಲಿ ನಮ್ಮ ಕಡೆಯ ಓದುಗರಿಗೆ ಒಂದು ಸಮಾಧಾನ ತಟ್ಟನೆ ನೆನಪಾಗಬಹುದು: ಕರ್ಮದಲ್ಲಿ ಮಾತ್ರ ಅಧಿಕಾರ, ಫಲದ ಚಿಂತೆ ಬೇಡ. ಮಾತು ದೊಡ್ಡದು, ನಿಜ. ಆದರೆ ಮಾರ್ಟಿನ್ ಅವರ ಬಾಳಿಗೆ ಅದನ್ನು ಅವಸರದಲ್ಲಿ ಹೊದಿಸಿದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವರು ಫಲವನ್ನು ಬಯಸಿದವರು. ಗೆಲ್ಲಬೇಕೆಂಬ ಆಸೆಯಿಲ್ಲದವನು ಹದಿನೇಳು ಸಲ ಓಮಾಹಾಕ್ಕೆ ಹೋಗುವುದಿಲ್ಲ. ಆಸೆಯನ್ನು ಬಿಟ್ಟು ಕೆಲಸ ಮಾಡುವುದು ಸಂತರ ದಾರಿ. ಆಸೆಯನ್ನಿಟ್ಟುಕೊಂಡು, ಅದು ಮತ್ತೆ ಮತ್ತೆ ಮುರಿದಾಗಲೂ ಮರುವರ್ಷದ ಮಕ್ಕಳ ಮೇಲೆ ಆ ಕಹಿಯನ್ನು ಕಾರದೆ, ಮೊದಲ ದಿನದ ಉತ್ಸಾಹದಿಂದಲೇ ಮೈದಾನಕ್ಕಿಳಿಯುವುದು ಗೃಹಸ್ಥರ ದಾರಿ. ಎರಡನೆಯದು ಸುಲಭವೆಂದು ನನಗೆ ತೋರುವುದಿಲ್ಲ. ಸೋಲಿನ ಕಹಿ ಒಳಗೆ ಸೇರಿದ ಗುರುವಿನ ಕೈಕೆಳಗೆ ಮಕ್ಕಳು ಬಹುಕಾಲ ನಿಲ್ಲುವುದಿಲ್ಲ. ಅವರ ತಂಡಕ್ಕೆ ನಲವತ್ತು ವರ್ಷವೂ ಒಳ್ಳೆಯ ಹುಡುಗರು ಬರುತ್ತಲೇ ಇದ್ದರೆಂಬುದು ಆ ಮನಸ್ಸಿನ ಆರೋಗ್ಯಕ್ಕೆ ಸಾಕ್ಷಿ.

ಅವರ ಕೊನೆಯ ಋತುವೇ ಇದಕ್ಕೆ ಒಳ್ಳೆಯ ನಿದರ್ಶನ. ೨೦೧೯ರ ತಂಡ ಅವರ ಬಲವಾದ ತಂಡಗಳಲ್ಲಿ ಒಂದಾಗಿರಲಿಲ್ಲ. ರಾಷ್ಟ್ರೀಯ ಪಂದ್ಯಾವಳಿಗೆ ಕರೆ ಬರುವುದೇ ಅನುಮಾನವಾಗಿತ್ತು. ಕರೆ ಬಂತು. ಪರರ ನೆಲವಾದ ಜಾರ್ಜಿಯಾದ ಆಥೆನ್ಸಿನಲ್ಲಿ, ಅನಂತರ ಲೂಯಿಸಿಯಾನಾದ ಬ್ಯಾಟನ್ ರೂಜಿನಲ್ಲಿ, ಒಂದು ಪಂದ್ಯವನ್ನೂ ಸೋಲದೆ ಆ ಹುಡುಗರು ತಮ್ಮ ಎಪ್ಪತ್ತೈದರ ಗುರುವನ್ನು ಹದಿನೇಳನೆಯ ಸಲ ಓಮಾಹಾಕ್ಕೆ ಕರೆದೊಯ್ದರು. ಅಲ್ಲಿ ಅರ್ಕಾನ್ಸಾಸ್ ತಂಡವನ್ನು ೧–೦ರಿಂದ ಗೆದ್ದರು; ಮಿಷಿಗನ್ನಿಗೆ ೨–೦ರಿಂದ, ಟೆಕ್ಸಾಸ್ ಟೆಕ್ಕಿಗೆ ೪–೧ರಿಂದ ಸೋತರು. ಅಲ್ಲಿಗೆ ಕಥೆ ಮುಗಿಯಿತು. ಪುರಾಣವಾಗಿದ್ದರೆ ಕೊನೆಯ ಅಧ್ಯಾಯದಲ್ಲಿ ವರ ಸಿಕ್ಕುತ್ತಿತ್ತು. ಇದು ಪುರಾಣವಲ್ಲ.

ಅನಂತರದ ಕಥೆಯಲ್ಲಿ ಯೋಚನೆಗೆ ಹಚ್ಚುವ ಅಂಶವೊಂದಿದೆ. ತಂದೆಯ ಸ್ಥಾನಕ್ಕೆ ಮಗ ಮೈಕ್ ಮಾರ್ಟಿನ್ ಜೂನಿಯರ್ ಬಂದರು. ೨೦೨೦ರ ಋತು ಸಾಂಕ್ರಾಮಿಕ ರೋಗದಿಂದ ಅರ್ಧಕ್ಕೆ ನಿಂತಿತು. ಉಳಿದ ಎರಡು ವರ್ಷವೂ ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿ ಬೇಗ ಸೋತಿತು. ೨೦೨೨ರಲ್ಲಿ ವಿಶ್ವವಿದ್ಯಾನಿಲಯ ಅವರನ್ನು ಬಿಡಿಸಿ, ಹಿರಿಯ ಮಾರ್ಟಿನ್ ಅವರ ಕೈಕೆಳಗೆ ಆಡಿದ್ದ ಲಿಂಕ್ ಜಾರೆಟ್ ಅವರನ್ನು ಕರೆತಂದಿತು. ತಂದೆಗೆ ನಲವತ್ತು ವರ್ಷ ತೋರಿದ ತಾಳ್ಮೆ ಮಗನಿಗೆ ಮೂರೇ ವರ್ಷಕ್ಕೆ ಮುಗಿಯಿತು. ಆಡಳಿತಗಾರರ ತೀರ್ಮಾನ ಸರಿಯೋ ತಪ್ಪೋ, ಕಾಲ ಬದಲಾಗಿರುವುದಂತೂ ನಿಶ್ಚಯ. ೨೦೨೧ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. ಒಂದು ವರ್ಷ ಆಡದೆ ಕಾಯಬೇಕೆಂಬ ನಿರ್ಬಂಧವಿಲ್ಲದೆ ಬೇರೆ ವಿದ್ಯಾಲಯಕ್ಕೆ ಹೋಗಬಹುದು. ೨೦೨೫ರಲ್ಲಿ ೧೧.೭ರ ಹಳೆಯ ಮಿತಿಯೂ ಹೋಗಿ, ತಂಡಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬಂತು. ಇವುಗಳಲ್ಲಿ ಹುಡುಗರಿಗೆ ನ್ಯಾಯ ಒದಗಿಸಿದ ಮಾತುಗಳು ಇವೆ. ದುಡಿದವನಿಗೆ ಕೂಲಿ ಬೇಡವೆನ್ನುವವರು ಯಾರು? ಆದರೆ ಹುಡುಗ ಮೂರು ವರ್ಷ ನಿಲ್ಲುವನೆಂಬ ಭರವಸೆಯಿಲ್ಲದ ಕಡೆ, ಅವನ ಜಾಗ ಬದಲಾಯಿಸಿ, ಎಡವಲು ಬಿಟ್ಟು, ಕಾದು ಕಲಿಸುವ ಗುರುವಿಗೆ ಎಡೆ ಎಷ್ಟು ಉಳಿದೀತು? ಒಂದೇ ಅಂಗಳದಲ್ಲಿ ನಲವತ್ತು ವರ್ಷ ನಿಂತ ಬಾಳು ಇನ್ನು ಮುಂದೆ ಅಪರೂಪವಾಗುವ ಸಂಭವವೇ ಹೆಚ್ಚು. ಅದನ್ನು ಸರಿಯಾಗಿ ಅಳೆಯುವುದನ್ನು ಕಲಿಯಬೇಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

೨೦೨೪ರಲ್ಲಿ, ಮಾರ್ಟಿನ್ ಅವರು ತೀರಿಕೊಂಡ ವರ್ಷದಲ್ಲೇ, ಜಾರೆಟ್ ಅವರ ತಂಡ ಓಮಾಹಾವನ್ನು ತಲುಪಿತು. ಟೆನೆಸಿ ತಂಡಕ್ಕೆ ಮೊದಲ ಪಂದ್ಯವನ್ನು ಒಂದೇ ಓಟದಿಂದ ಸೋತು, ಕೊನೆಗೆ ಅದೇ ತಂಡದಿಂದ ಹೊರಬಿತ್ತು. ಹೌಸರ್ ಅವರಿಂದ ಮಾರ್ಟಿನ್ ಅವರಿಗೆ, ಮಾರ್ಟಿನ್ ಅವರಿಂದ ಮಗನಿಗೆ, ಅಲ್ಲಿಂದ ಶಿಷ್ಯನಿಗೆ ಸಾಗಿದ ವಿದ್ಯೆ ಪ್ರಶಸ್ತಿಗಾಗಿ ಕಾಯದೆ ಮುಂದಕ್ಕೆ ಹರಿದಿದೆ.

ನಮ್ಮ ಶಾಲೆಗಳಲ್ಲಿ ಉಪಾಧ್ಯಾಯರನ್ನು ವರ್ಷದ ಕೊನೆಯ ಫಲಿತಾಂಶದಿಂದ, ಅದರಲ್ಲಿಯೂ ಮೊದಲ ದರ್ಜೆಯ ಮೊದಲ ಹೆಸರಿನಿಂದ, ಅಳೆಯುವ ಅಭ್ಯಾಸ ಬೇರುಬಿಟ್ಟಿದೆ. ಫಲಿತಾಂಶ ಸುಳ್ಳಲ್ಲ. ಆದರೆ ಅದು ಒಂದು ದಿನದ ಸತ್ಯ, ಮತ್ತು ಆ ದಿನದ ಸತ್ಯದಲ್ಲಿ ಆಕಸ್ಮಿಕದ ಪಾಲು ನಾವು ನೆನೆಸುವುದಕ್ಕಿಂತ ದೊಡ್ಡದು. ವರ್ಷ ವರ್ಷವೂ ಹೊಸದಾಗಿ ಬರುವ ಮಕ್ಕಳನ್ನು ಒಂದು ಮಟ್ಟಕ್ಕೆ ಕೆಳಗಾಗದಂತೆ ಎತ್ತಿ ನಿಲ್ಲಿಸುವುದರಲ್ಲಿ ಆಕಸ್ಮಿಕಕ್ಕೆ ಎಡೆ ಕಡಿಮೆ. ಒಂದು ವರ್ಷ ಅದು ಅದೃಷ್ಟದಿಂದ ನಡೆದೀತು, ನಲವತ್ತು ವರ್ಷ ನಡೆಯದು. ಪ್ರಶಸ್ತಿ ಕೊಡುವವರ ಕೈಯಲ್ಲಿದೆ. ಮಟ್ಟ ಕಾಯುವುದು ಗುರುವಿನ ಕೈಯಲ್ಲಿದೆ. ಗುರುವನ್ನು ಅವನ ಕೈಯಲ್ಲಿರುವುದರಿಂದ ಅಳೆಯುವುದೇ ನ್ಯಾಯ.

ಆದ್ದರಿಂದ ಮೈಕ್ ಮಾರ್ಟಿನ್ ಅವರ ಬಗೆಗೆ ಬರೆಯುವಾಗ ‘ಆದರೆ’ಯನ್ನು ಅಳಿಸಬೇಕಾಗಿಲ್ಲ, ಅದರ ಜಾಗವನ್ನು ಬದಲಾಯಿಸಿದರೆ ಸಾಕು. ಅವರು ಹದಿನೇಳು ಸಲ ಓಮಾಹಾಕ್ಕೆ ಹೋಗಿ ಹದಿನೇಳು ಸಲವೂ ಪ್ರಶಸ್ತಿಯಿಲ್ಲದೆ ಹಿಂತಿರುಗಿದರು. ಆದರೆ ನಲವತ್ತು ವರ್ಷದಲ್ಲಿ ಒಂದು ವರ್ಷವೂ ತಮ್ಮ ಹುಡುಗರನ್ನು ತಾವು ಗೊತ್ತುಮಾಡಿದ ಮಟ್ಟದಿಂದ ಕೆಳಗೆ ಬೀಳಗೊಡಲಿಲ್ಲ.